ಮಾದಕ ವ್ಯಸನ: ಬೀಗ ಬೇಡ, ಚಿಕಿತ್ಸೆ ಬೇಕು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪ್ರತಿ ವರ್ಷ ಈ ವೇದಿಕೆಯಲ್ಲಿ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ.ಯಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳ ಹೆಸರು ಕರೆದು ಬಹುಮಾನ ಕೊಡುತ್ತೇವೆ. ಚಪ್ಪಾಳೆ ತಟ್ಟುತ್ತೇವೆ. ಅದು ಸಂತೋಷದ ವಿಷಯ. ಆದರೆ ನಡುವೆ ಎಲ್ಲೋ ಹಾಜರಿ ಪುಸ್ತಕದಿಂದ ಜಾರಿಹೋದ ಮಕ್ಕಳ ಹೆಸರನ್ನು ಯಾರೂ ಕರೆಯುವುದಿಲ್ಲ. ಈ ಸಲ ಕಾರ್ಯದರ್ಶಿಗಳು ನನಗೆ ಮಾದಕ ವ್ಯಸನದ ಬಗ್ಗೆ ಮಾತನಾಡಲು ಹೇಳಿದ್ದಾರೆ. ನಶೆ ಕೆಟ್ಟದ್ದು, ಅದರಿಂದ ದೂರವಿರಿ ಎಂದು ಉಪದೇಶ ಮಾಡಿ ಕುಳಿತುಕೊಳ್ಳಬಹುದಿತ್ತು. ಆ ಉಪದೇಶ ನಿಮಗೆಲ್ಲ ಗೊತ್ತಿರುವುದೇ. ಈಗಾಗಲೇ ನಶೆಗೆ ಬಿದ್ದವನನ್ನು ಏನು ಮಾಡಬೇಕು ಎಂಬುದು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಅದಕ್ಕೆ ತೆತ್ತ ಬೆಲೆಯನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಒಬ್ಬ ವಿದ್ಯಾರ್ಥಿ

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಅವನ ಉರ್ದು ಅಕ್ಷರ ಎಷ್ಟು ದುಂಡಾಗಿತ್ತೆಂದರೆ ಶಾಲೆಯ ಗೋಡೆ ಪತ್ರಿಕೆಯನ್ನು ಅವನ ಕೈಯಿಂದಲೇ ಬರೆಸುತ್ತಿದ್ದೆ. ಹತ್ತನೆಯ ತರಗತಿ ಮುಗಿಸಿ ಗ್ಯಾರೇಜ್ ಕೆಲಸಕ್ಕೆ ಸೇರಿದ. ಅಲ್ಲಿ ಯಾರದೋ ಸಹವಾಸದಿಂದ ನೋವಿನ ಮಾತ್ರೆಗಳನ್ನು ನಶೆಗಾಗಿ ತೆಗೆದುಕೊಳ್ಳಲು ಕಲಿತ. ಆಮೇಲೆ ಸೂಜಿ ಹಿಡಿದ. ಒಂದು ಸಂಜೆ ಅವನ ತಾಯಿ ನಮ್ಮ ಮನೆ ಬಾಗಿಲಿಗೆ ಬಂದು, "ಮಾಸ್ಟರ್ ಸಾಬ್, ನೀವು ಹೇಳಿದರೆ ಕೇಳ್ತಾನೆ, ಏನಾದರೂ ದಾರಿ ತೋರಿಸಿ" ಎಂದು ಅತ್ತರು. ನಾನು ಏನು ದಾರಿ ತೋರಿಸಿದೆ? "ಎಲ್ಲಾದರೂ ದೂರ ಸೇರಿಸಿಬಿಡಿ ಅಮ್ಮಾ, ಮೂರು ತಿಂಗಳು ಹೊರಗೆ ಬಿಡದಿದ್ದರೆ ತಾನಾಗಿ ಸರಿಹೋಗ್ತಾನೆ" ಎಂದೆ.

ಅವರು ಕಿವಿಯೋಲೆ ಒತ್ತೆಯಿಟ್ಟು ಬೇರೆ ಊರಿನ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದರು. ಅಲ್ಲಿ ವೈದ್ಯರು ಇರಲಿಲ್ಲ, ಬೀಗ ಇತ್ತು. ಮೂರು ತಿಂಗಳಾದ ಮೇಲೆ ಹುಡುಗ ಮನೆಗೆ ಬಂದ. ಮೈ ಕೈ ತುಂಬಿಕೊಂಡಿದ್ದ, ಎಲ್ಲರಿಗೂ ಸಲಾಂ ಹೇಳಿ ಓಡಾಡಿದ. ನಾನೂ ಹೆಮ್ಮೆಪಟ್ಟೆ. ಐದನೆಯ ರಾತ್ರಿ ಹಳೆಯ ಗೆಳೆಯರು ಸಿಕ್ಕರು. ಮನೆಗೆ ಬಂದು ಮಲಗಿದ. ವಿಚಿತ್ರವಾಗಿ ಗೊರಕೆ ಹೊಡೆಯುತ್ತಿದ್ದ. ಪಾಪ, ದಣಿದಿದ್ದಾನೆ ಎಂದುಕೊಂಡು ತಾಯಿ ಕಂಬಳಿ ಹೊದಿಸಿ ಮಲಗಿದರು. ಫಜರ್ ನಮಾಜಿಗೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು.

ಹಾರ್ಟ್ ಅಟ್ಯಾಕ್ ಎಂದು ಎಲ್ಲರೂ ಹೇಳಿದೆವು. ಜನಾಝಾದಲ್ಲಿ ನಾನೂ ನಿಂತಿದ್ದೆ. ಆ ತಾಯಿಯ ಮುಂದೆ ನಿಂತು ಒಂದು ಮಾತೂ ಆಡಲಾಗಲಿಲ್ಲ.

ಆಮೇಲೆ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಆ ಗೊರಕೆ ನಿದ್ದೆಯ ಗೊರಕೆಯಾಗಿರಲಿಲ್ಲ. ಉಸಿರು ನಿಲ್ಲುತ್ತಿರುವ ಸದ್ದಾಗಿತ್ತು. ಮತ್ತೆ, ಆ ಮೂರು ತಿಂಗಳ ಬೀಗ ಅವನನ್ನು ಉಳಿಸಲಿಲ್ಲ. ಸಾವಿಗೆ ಇನ್ನಷ್ಟು ಹತ್ತಿರ ಮಾಡಿತು.

ಬೀಗ ಏಕೆ ಅಪಾಯ?

ಅಫೀಮಿನ ಜಾತಿಗೆ ಸೇರಿದ ವಸ್ತುಗಳು ಹಲವು. ಹೆರಾಯಿನ್, ಬ್ರೌನ್ ಶುಗರ್, ಮಾರ್ಫಿನ್ ಮತ್ತು ಟ್ರಮಡಾಲ್, ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳು ಈ ಜಾತಿಯವು. ಇವನ್ನು ದಿನವೂ ತೆಗೆದುಕೊಂಡರೆ ದೇಹ ಒಗ್ಗಿಕೊಳ್ಳುತ್ತದೆ. ಮೊದಲು ಒಂದರಿಂದ ಆಗುತ್ತಿದ್ದುದಕ್ಕೆ ಈಗ ನಾಲ್ಕು ಬೇಕಾಗುತ್ತದೆ. ಕೆಲವು ವಾರ ಬಿಟ್ಟರೆ ಈ ಸಹಿಸುವ ಶಕ್ತಿ ಇಳಿದುಹೋಗುತ್ತದೆ, ಆಸೆ ಮಾತ್ರ ಹಾಗೇ ಉಳಿದಿರುತ್ತದೆ. ಹೊರಗೆ ಬಂದವನು ಹಳೆಯ ಲೆಕ್ಕದಲ್ಲೇ ನಾಲ್ಕು ತೆಗೆದುಕೊಳ್ಳುತ್ತಾನೆ. ಮೆದುಳಿನಲ್ಲಿ ಉಸಿರಾಟವನ್ನು ನಡೆಸುವ ಭಾಗ ಮಂಕಾಗಿ ಉಸಿರು ನಿಲ್ಲುತ್ತದೆ. ಇದನ್ನೇ ಓವರ್‌ಡೋಸ್ ಎನ್ನುವುದು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದ ಸುಮಾರು 30 ಸಾವಿರ ಜನರ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಅವರು ಓವರ್‌ಡೋಸ್‌ನಿಂದ ಸಾಯುವ ಸಂಭವ ಉಳಿದ ಜನರಿಗಿಂತ 129 ಪಟ್ಟು ಹೆಚ್ಚಾಗಿತ್ತು. ಜೈಲಾಗಲಿ, ಕೇಂದ್ರವಾಗಲಿ, ಮನೆಯ ಕೋಣೆಯೇ ಆಗಲಿ, ದೇಹ ನಡೆದುಕೊಳ್ಳುವುದು ಒಂದೇ ರೀತಿ.

ಮಲೇಷ್ಯಾದ ಪಾಠ

ಇದನ್ನು ಅನುಭವದಿಂದ ಕಲಿತ ಒಂದು ಮುಸ್ಲಿಂ ದೇಶದ ಉದಾಹರಣೆ ನಮ್ಮ ಮುಂದಿದೆ. ಮಲೇಷ್ಯಾ ದಶಕಗಳ ಕಾಲ ವ್ಯಸನಿಗಳನ್ನು ಹಿಡಿದು ಕಡ್ಡಾಯ ಕೇಂದ್ರಗಳಲ್ಲಿ ಇಡುತ್ತಿತ್ತು. ಹೊರಗೆ ಬಂದವರು ಮತ್ತೆ ಮತ್ತೆ ಅದೇ ದಾರಿ ಹಿಡಿಯುತ್ತಿದ್ದರು. 2005ರಲ್ಲಿ ಅಲ್ಲಿ ಮೆಥಡೋನ್ ಚಿಕಿತ್ಸೆ ಆರಂಭವಾಯಿತು. 2010ರಿಂದ, ತಾವಾಗಿ ಬರುವವರಿಗಾಗಿ ಬೀಗವಿಲ್ಲದ ಚಿಕಿತ್ಸಾ ಕೇಂದ್ರಗಳನ್ನು ತೆರೆಯತೊಡಗಿದರು. ಎರಡು ಬಗೆಯ ಕೇಂದ್ರಗಳಿಂದಲೂ ಹೊರಬಂದವರನ್ನು ಹೋಲಿಸಿದ ಅಧ್ಯಯನ 2017ರಲ್ಲಿ ಹೊರಬಂತು. ಕಡ್ಡಾಯ ಕೇಂದ್ರದಿಂದ ಬಂದವರಲ್ಲಿ ಅರ್ಧದಷ್ಟು ಜನ 31 ದಿನಗಳೊಳಗೆ ಮತ್ತೆ ನಶೆಗೆ ಮರಳಿದ್ದರು. ಮೆಥಡೋನ್ ಕೊಡುತ್ತಿದ್ದ ಬೀಗವಿಲ್ಲದ ಕೇಂದ್ರದವರಲ್ಲಿ ಅರ್ಧದಷ್ಟು ಜನ ಮರಳಲು 352 ದಿನ ಹಿಡಿದಿತ್ತು. ಒಂದು ತಿಂಗಳಿಗೂ ಒಂದು ವರ್ಷಕ್ಕೂ ಇರುವ ವ್ಯತ್ಯಾಸ ಇದು.

ಇನ್ನೊಂದು ವಿಷಯ ಕೇಳಿ. 2010ರಲ್ಲಿ ಕೌಲಾಲಂಪುರದ ಮಸ್ಜಿದ್ ಅರ್-ರಹ್ಮಾನ್‌ನಲ್ಲಿ ಮಲಯ ವಿಶ್ವವಿದ್ಯಾಲಯದ ವೈದ್ಯರು ಮೆಥಡೋನ್ ಚಿಕಿತ್ಸೆಯನ್ನೇ ಆರಂಭಿಸಿದರು. ಹೌದು, ಮಸೀದಿಯಲ್ಲೇ. ಯಾರನ್ನು ನಾವು ಮಸೀದಿಯ ಮೆಟ್ಟಿಲಿನಿಂದ ಕೆಳಗಿಳಿಸುತ್ತೇವೋ ಅವರನ್ನು ಅವರು ಒಳಗೆ ಕರೆದು ಔಷಧ ಕೊಟ್ಟರು.

ಇದು ಹೊಸ ಮಾತೇನಲ್ಲ. ಕುಡಿತಕ್ಕಾಗಿ ಶಿಕ್ಷೆ ಅನುಭವಿಸಿ ಹೋಗುತ್ತಿದ್ದ ಒಬ್ಬನನ್ನು ಯಾರೋ ಶಪಿಸಿದಾಗ, ಹಾಗೆ ಶಪಿಸಿ ಅವನ ವಿರುದ್ಧ ಶೈತಾನನಿಗೆ ನೆರವಾಗಬೇಡಿ ಎಂದು ಪ್ರವಾದಿಯವರು (ಸ) ತಡೆದ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ನಶೆ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಶೆಗೆ ಬಿದ್ದವನನ್ನು ಸಮಾಜದಿಂದ ಹೊರದೂಡುವುದು ಧರ್ಮವಲ್ಲ.

ಹೊರರೋಗಿ ಚಿಕಿತ್ಸೆ ಎಂದರೇನು?

ವ್ಯಸನಕ್ಕೆ ಚಿಕಿತ್ಸೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ತಿಂಗಳುಗಟ್ಟಲೆ ಸೇರಿಸುವ ಚಿತ್ರ. ನಿಜ ಬೇರೆಯೇ ಇದೆ. ಹೆಚ್ಚಿನ ರೋಗಿಗಳಿಗೆ ದಾಖಲಾಗುವ ಅಗತ್ಯವೇ ಇರುವುದಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆಯವರು ಹೋಗುವ ಹಾಗೆ ಓ.ಪಿ.ಡಿ.ಗೆ ಹೋಗಿ, ಚೀಟಿ ಮಾಡಿಸಿ, ವೈದ್ಯರಿಗೆ ತೋರಿಸಿ, ಮಾತ್ರೆ ತೆಗೆದುಕೊಂಡು ಮನೆಗೆ ಬರಬಹುದು. ಕೆಲಸ ಬಿಡಬೇಕಿಲ್ಲ, ಕಾಲೇಜು ಬಿಡಬೇಕಿಲ್ಲ. ಕಿವಿಯೋಲೆ ಒತ್ತೆಯಿಡಬೇಕಿಲ್ಲ.

ಅಲ್ಲಿ ಮೊದಲು ಏನು, ಎಷ್ಟು, ಎಷ್ಟು ದಿನದಿಂದ ಎಂದು ಕೇಳುತ್ತಾರೆ. ದೇಹ ಪರೀಕ್ಷೆ, ಬೇಕಾದರೆ ರಕ್ತ ಪರೀಕ್ಷೆ ಮಾಡುತ್ತಾರೆ. ಬಿಟ್ಟಾಗ ಆಗುವ ನಡುಕ, ಮೈನೋವು, ನಿದ್ದೆಗೇಡಿಗೆ ಔಷಧ ಕೊಡುತ್ತಾರೆ. ಆಮೇಲೆ ಆಸೆಯನ್ನು ತಗ್ಗಿಸುವ ಔಷಧ, ಅದರೊಂದಿಗೆ ರೋಗಿಯ ಜೊತೆಗೂ ಮನೆಯವರ ಜೊತೆಗೂ ಸಮಾಲೋಚನೆ ಇರುತ್ತದೆ. ಫಿಟ್ಸ್ ಬರುವವರು, ಭ್ರಮೆ ಹಿಡಿದವರು, ಜೀವ ಕಳೆದುಕೊಳ್ಳುವ ಮಾತಾಡುವವರು, ಬೇರೆ ದೊಡ್ಡ ಕಾಯಿಲೆಯಿರುವವರು ಇಂಥವರನ್ನು ಮಾತ್ರ ಕೆಲವು ದಿನ ದಾಖಲಿಸಿಕೊಳ್ಳುತ್ತಾರೆ.

ಅಫೀಮು ಜಾತಿಯ ವ್ಯಸನಕ್ಕೆ ಬ್ಯುಪ್ರೆನಾರ್ಫಿನ್, ಮೆಥಡೋನ್ ಎಂಬ ಔಷಧಗಳಿವೆ. ಇವನ್ನು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. "ಒಂದು ನಶೆ ಬಿಡಿಸಿ ಇನ್ನೊಂದು ನಶೆ ಹತ್ತಿಸಿದ ಹಾಗಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಅಲ್ಲ. ವೈದ್ಯರು ಗೊತ್ತುಮಾಡಿದ ಪ್ರಮಾಣದಲ್ಲಿ ಇದನ್ನು ತೆಗೆದುಕೊಳ್ಳುವವನು ಮಂಪರಿನಲ್ಲಿ ಇರುವುದಿಲ್ಲ. ಎದ್ದು ಕೆಲಸಕ್ಕೆ ಹೋಗುತ್ತಾನೆ, ಮಕ್ಕಳ ಫೀಸು ಕಟ್ಟುತ್ತಾನೆ. ದೇಹದ ಬಾಧೆ ಅಡಗಿರುವುದರಿಂದ ಬೀದಿಯ ಮಾಲಿಗೆ ಅಲೆಯುವುದಿಲ್ಲ.

ಫ್ರಾನ್ಸ್‌ನಲ್ಲಿ 1990ರ ದಶಕದ ಮಧ್ಯದಲ್ಲಿ ಬ್ಯುಪ್ರೆನಾರ್ಫಿನ್ ಬರೆದುಕೊಡಲು ಸಾಮಾನ್ಯ ವೈದ್ಯರಿಗೂ ಅವಕಾಶ ಕೊಟ್ಟರು. 1995ರಿಂದ 1999ರ ಒಳಗೆ ಅಲ್ಲಿ ಓವರ್‌ಡೋಸ್ ಸಾವುಗಳು ಶೇಕಡಾ 79ರಷ್ಟು ಇಳಿದವು. ದೂರದ ದೇಶ ಏಕೆ, ನಮ್ಮ ಪಂಜಾಬಿನಲ್ಲಿ 2017ರಿಂದ ಇದಕ್ಕಾಗಿಯೇ ಸರ್ಕಾರ ಹೊರರೋಗಿ ಕ್ಲಿನಿಕ್‌ಗಳನ್ನು ತೆರೆಯಿತು. ಅವು ಬೆಳೆದು 500 ದಾಟಿದವು. ರೋಗಿಯ ಮನೆಗೆ ಔಷಧ ಎಷ್ಟು ಹತ್ತಿರವೋ ಅವನು ಬದುಕುವ ಸಂಭವ ಅಷ್ಟು ಹೆಚ್ಚು.

ಕುಡಿತದ ವಿಷಯದಲ್ಲಿ ಎರಡು ಎಚ್ಚರಿಕೆ

ಮೊದಲನೆಯದು, ವರ್ಷಗಟ್ಟಲೆ ದಿನವೂ ಕುಡಿದವನನ್ನು ಕೋಣೆಗೆ ಹಾಕಿ ಒಮ್ಮೆಲೇ ಬಿಡಿಸಬೇಡಿ. ಎರಡು ಮೂರು ದಿನಗಳಲ್ಲಿ ಫಿಟ್ಸ್, ನಡುಕ, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ವೈದ್ಯರ ಔಷಧದ ಆಸರೆಯಲ್ಲೇ ಬಿಡಿಸಬೇಕು. ಎರಡನೆಯದು, ಕುಡಿತ ಬಿಡಿಸುವ ಮಾತ್ರೆಯೆಂದು ಯಾರೋ ಕೊಟ್ಟದ್ದನ್ನು ಅವನಿಗೆ ತಿಳಿಯದಂತೆ ಸಾರಿನಲ್ಲಿ, ಚಹಾದಲ್ಲಿ ಬೆರೆಸುವ ರೂಢಿ ನಮ್ಮ ಮನೆಗಳಲ್ಲಿದೆ. ಅದು ಡೈಸಲ್ಫಿರಾಮ್ ಆಗಿದ್ದು, ಅವನು ಆ ದಿನ ಕುಡಿದರೆ, ಬಿ.ಪಿ. ಕುಸಿದು ಪ್ರಾಣವೇ ಹೋಗಬಹುದು. ರೋಗಿ ಒಪ್ಪಿ, ತಿಳಿದು, ವೈದ್ಯರ ಸಲಹೆಯಂತೆ ತೆಗೆದುಕೊಂಡರೆ ಮಾತ್ರ ಅದು ಔಷಧ.

ನಮ್ಮ ಶಾಲೆಯ ಒಬ್ಬ ಹುಡುಗಿಯ ತಂದೆ ಆಟೋ ಓಡಿಸುತ್ತಾರೆ. ಕುಡಿತದಿಂದ ಮನೆ ನರಕವಾಗಿತ್ತು. ನನ್ನ ವಿದ್ಯಾರ್ಥಿ ತೀರಿಕೊಂಡ ಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ ಅವರ ಆಟೋದಲ್ಲೇ ಕುಳಿತು ಅವರ ಜೊತೆ ಜಿಲ್ಲಾ ಆಸ್ಪತ್ರೆಗೆ ಹೋದದ್ದು. ಹದಿನೈದು ದಿನಕ್ಕೊಮ್ಮೆ ಓ.ಪಿ.ಡಿ.ಗೆ ಹೋಗುತ್ತಾರೆ. ನಡುವೆ ಎರಡು ಸಲ ಮತ್ತೆ ಕುಡಿದರು. ಮೊದಲ ಸಲ ನನಗೆ ಮುಖ ತೋರಿಸಲು ನಾಚಿಕೊಂಡರು. ವೈದ್ಯರು ಮಾತ್ರ ಬೈಯಲಿಲ್ಲ, "ಮತ್ತೆ ಬಂದಿರಲ್ಲ, ಅದೇ ಮುಖ್ಯ" ಎಂದರು. ಈಗ ಹುಡುಗಿಯ ಹಾಜರಿ ನೋಡಿದರೆ ಸಾಕು, ತಂದೆಯ ಆರೋಗ್ಯ ತಿಳಿಯುತ್ತದೆ.

ಎಷ್ಟು ಜನರಿಗೆ ಇದು ಸಿಗುತ್ತಿದೆ?

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರಂತೆ ಕುಡಿತದ ಸಮಸ್ಯೆಗೆ ಸಹಾಯ ಬೇಕಾದವರು ದೇಶದಲ್ಲಿ 5.7 ಕೋಟಿ, ಅಫೀಮು ಜಾತಿಯ ವಸ್ತುಗಳಿಗೆ ಸಹಾಯ ಬೇಕಾದವರು ಸುಮಾರು 77 ಲಕ್ಷ. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಶಿಕ್ಷಕನಾಗಿ ನನ್ನನ್ನು ಕಾಡಿದ ಅಂಕಿ ಇನ್ನೊಂದು. ಸೊಲ್ಯೂಷನ್, ವೈಟ್ನರ್‌ನಂಥವನ್ನು ಮೂಸುವ ಚಟವೊಂದೇ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು. ದೊಡ್ಡವರಲ್ಲಿ ಶೇಕಡಾ 0.58 ಇದ್ದರೆ ಮಕ್ಕಳು ಮತ್ತು ಹದಿಹರೆಯದವರಲ್ಲಿ 1.17. ಅಂಥ ಮಗುವಿಗೆ ನಾವು ಕೊಡುವುದೇನು? ಟಿ.ಸಿ.

ನಾನು ಎರಡು ಭಾಷೆ ಕಲಿಸುವವನು. ಕನ್ನಡದಲ್ಲಿ ವ್ಯಸನ ಎಂದರೆ ಚಟ ಮಾತ್ರವಲ್ಲ, ದುಃಖ ಎಂಬ ಅರ್ಥವೂ ಇದೆ. "ಸುದ್ದಿ ಕೇಳಿ ವ್ಯಸನವಾಯಿತು" ಎಂದು ಹಿರಿಯರು ಪತ್ರ ಬರೆಯುತ್ತಿದ್ದರು. ಚಟವನ್ನು ನೋಡಿದಾಗ ಅದರ ಹಿಂದಿನ ದುಃಖವನ್ನೂ ನೋಡಿ ಎಂದು ಆ ಪದವೇ ಹೇಳುವಂತಿದೆ. ಉರ್ದುವಿನಲ್ಲಿ ಗುನಾಹಗಾರ್ ಬೇರೆ, ಬೀಮಾರ್ ಬೇರೆ. ಬೀಮಾರನಿಗೆ ಇಲಾಜ್ ಬೇಕು.

ಜೀವ ಉಳಿಸುವ ಕೆಲವು ನಿಮಿಷಗಳು

ವಿದ್ಯಾರ್ಥಿಗಳೇ, ಈ ಭಾಗವನ್ನು ಪರೀಕ್ಷೆಗೆ ಓದುವಂತೆ ಓದಿಕೊಳ್ಳಿ. ಅಫೀಮು ಜಾತಿಯ ವಸ್ತು ಅತಿಯಾದಾಗ ಕಾಣುವ ಗುರುತುಗಳು ಇವು: ಅಲುಗಾಡಿಸಿದರೂ ಕೂಗಿದರೂ ಎಚ್ಚರವಾಗುವುದಿಲ್ಲ. ಉಸಿರು ತೀರಾ ನಿಧಾನವಾಗುತ್ತದೆ, ಇಲ್ಲವೇ ಗೊರಗೊರ ಸದ್ದು ಬರುತ್ತದೆ. ತುಟಿ, ಉಗುರು ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗುತ್ತದೆ. ಜೊತೆಗೆ ಮದ್ಯ ಅಥವಾ ನಿದ್ದೆಮಾತ್ರೆ ಸೇರಿದ್ದರೆ ಅಪಾಯ ಇನ್ನೂ ಹೆಚ್ಚು.

ಹೀಗಿದ್ದರೆ ಹೀಗೆ ಮಾಡಿ:

1. ಜೋರಾಗಿ ಹೆಸರು ಕೂಗಿ, ಎದೆಯ ನಡುಮೂಳೆಯನ್ನು ಮುಷ್ಟಿಯಿಂದ ಉಜ್ಜಿ ಎಬ್ಬಿಸಲು ನೋಡಿ.

2. ಎಚ್ಚರವಾಗದಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ. "ಉಸಿರಾಡುತ್ತಿಲ್ಲ" ಎಂದು ಸ್ಪಷ್ಟವಾಗಿ ಹೇಳಿ. ಏನು ತೆಗೆದುಕೊಂಡಿದ್ದಾನೆಂದು ಗೊತ್ತಿದ್ದರೆ ಅಂಬುಲೆನ್ಸ್‌ನವರಿಗೆ ಮುಚ್ಚಿಡಬೇಡಿ.

3. ಉಸಿರು ನಿಂತಿದ್ದರೆ ಅಥವಾ ತೀರಾ ನಿಧಾನವಾಗಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಸುಮಾರು ಐದು ಸೆಕೆಂಡಿಗೊಮ್ಮೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ.

4. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಅಂಗಾತ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಹೋಗಬಹುದು.

5. ಒಬ್ಬನೇ ಬಿಟ್ಟು ಹೋಗಬೇಡಿ. ಬಾಯಿಗೆ ನೀರು, ಮಜ್ಜಿಗೆ, ನಿಂಬೆರಸ ಹಾಕಬೇಡಿ. ತಣ್ಣೀರು ಸುರಿಯಬೇಡಿ. ಮಲಗಲಿ ಬಿಡಿ ಎನ್ನಬೇಡಿ.

ಇದಕ್ಕೆ ನೆಲಾಕ್ಸೋನ್ ಎಂಬ ಪ್ರತಿಔಷಧವಿದೆ. ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸುತ್ತದೆ. ನಮ್ಮಲ್ಲಿ ಇದನ್ನು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಆಗಿ ಕೊಡುತ್ತಾರೆ. ಓವರ್‌ಡೋಸ್ ನೋಡುವ ಸಂಭವವಿರುವ ಮನೆಯವರು, ಗೆಳೆಯರ ಕೈಗೂ ಇದು ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿತು. ಅಮೆರಿಕದಲ್ಲಿ 2023ರಲ್ಲಿ ಮೂಗಿಗೆ ಹಾಕುವ ಸ್ಪ್ರೇಯನ್ನು ಚೀಟಿಯಿಲ್ಲದೆ ಮಾರಲು ಒಪ್ಪಿಗೆ ಸಿಕ್ಕಿತು. ಇದರ ಪ್ರಭಾವ ಒಂದು ಗಂಟೆಯ ಆಸುಪಾಸಿನಲ್ಲಿ ಇಳಿಯಬಹುದು, ಆದ್ದರಿಂದ ಎಚ್ಚರವಾದರೂ ಆಸ್ಪತ್ರೆಯಿಂದ ಓಡಿಬರಬಾರದು.

ಪೊಲೀಸರ ಭಯ, ಮಾನದ ಭಯ

ಆಸ್ಪತ್ರೆಗೆ ಹೋದರೆ ಕೇಸಾಗುತ್ತದೆ ಎಂದು ಹೆದರುವವರು ಬಹಳ. ಮಾದಕ ವಸ್ತುಗಳ 1985ರ ಕಾಯ್ದೆಯಲ್ಲೇ 64ಎ ಎಂಬ ವಿಧಿಯಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆಗೆ ಮುಂದಾದರೆ, ಅವನಿಗೆ ಮೊಕದ್ದಮೆಯಿಂದ ರಕ್ಷಣೆಯಿದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ಅಷ್ಟೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವ್ಯಸನದ ರೋಗಿಗಳಿಗೂ ಅನ್ವಯಿಸುತ್ತದೆ. ಅದು ರೋಗಿಯ ವಿವರ ಗುಟ್ಟಾಗಿರಬೇಕೆಂದು ಹೇಳುತ್ತದೆ, ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ. ಯಾವುದೇ ಕೇಂದ್ರಕ್ಕೆ ಸೇರಿಸುವ ಮುನ್ನ ನೋಂದಣಿ ಇದೆಯೇ, ವೈದ್ಯರಿದ್ದಾರೆಯೇ ಎಂದು ಕೇಳಿ. ನಾನು ಕೇಳಲಿಲ್ಲ.

ಎಲ್ಲಿಗೆ ಹೋಗಬೇಕು? ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗಾಗಿಯೇ ಪ್ರತ್ಯೇಕ ಕೇಂದ್ರವಿದೆ. ಮೊದಲು ಫೋನಿನಲ್ಲಿ ಕೇಳಬೇಕೆನ್ನುವವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416, ಮಾದಕ ವ್ಯಸನಕ್ಕೆ ರಾಷ್ಟ್ರೀಯ ಸಹಾಯವಾಣಿ 14446, ಬೀಡಿ ಸಿಗರೇಟು ಗುಟ್ಕಾ ಬಿಡಲು 1800-11-2356. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಸಂಘಕ್ಕೆ ನನ್ನ ಬೇಡಿಕೆ

ಮಾನ್ಯರೇ, ದೊಡ್ಡ ಯೋಜನೆಯನ್ನು ನಾನು ಕೇಳುತ್ತಿಲ್ಲ. ನಾಲ್ಕು ಸಣ್ಣ ಕೆಲಸ. ಈ ನಂಬರುಗಳನ್ನು ಕನ್ನಡ ಮತ್ತು ಉರ್ದುವಿನಲ್ಲಿ ನಮ್ಮ ಶಾಲೆಯ, ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಹಾಕೋಣ, ನಾನೇ ಬರೆದುಕೊಡುತ್ತೇನೆ. ಸ್ಕಾಲರ್‌ಶಿಪ್ ನಿಧಿಯ ಹಾಗೆಯೇ, ಓ.ಪಿ.ಡಿ.ಗೆ ಹೋಗಿಬರುವ ಬಡ ರೋಗಿಗೆ ಬಸ್ ಚಾರ್ಜು ಕೊಡುವ ಪುಟ್ಟ ನಿಧಿ ಇರಲಿ. ಒಂದು ದಿನದ ಕೂಲಿ, ಬಸ್ಸಿನ ಖರ್ಚು ಇವೇ ಎಷ್ಟೋ ಜನರ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುತ್ತವೆ. ಮೊದಲ ಸಲ ಜೊತೆಗೆ ಹೋಗಲು ಮೊಹಲ್ಲಾಕ್ಕೆ ಇಬ್ಬರು ಮುಂದೆ ಬರಲಿ. ನಾಲ್ಕನೆಯದು, ನಶೆಯಲ್ಲಿ ಸಿಕ್ಕಿಬಿದ್ದ ವಿದ್ಯಾರ್ಥಿಗೆ ಟಿ.ಸಿ. ಕೊಡುವ ಮುನ್ನ ವೈದ್ಯರ ಚೀಟಿ ಮಾಡಿಸೋಣ.

ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮ ಗೆಳೆಯ ತೊಂದರೆಯಲ್ಲಿದ್ದರೆ ನನ್ನ ಬಳಿ ಬನ್ನಿ. ಬೈಯುವುದಿಲ್ಲ, ಮನೆಗೆ ದೂರು ಹೇಳಿ ಕೈತೊಳೆದುಕೊಳ್ಳುವುದೂ ಇಲ್ಲ. ಜೊತೆಯಲ್ಲಿ ಬರುತ್ತೇನೆ.

ಆ ಹುಡುಗ ಬರೆದ ಗೋಡೆ ಪತ್ರಿಕೆಯ ಒಂದು ಹಾಳೆ ಈಗಲೂ ನನ್ನ ಬೀರುವಿನಲ್ಲಿದೆ. ಅವನ ತಾಯಿ ದಾರಿಯಲ್ಲಿ ಸಿಕ್ಕಾಗ ಇಂದಿಗೂ "ಮಾಸ್ಟರ್ ಸಾಬ್" ಎಂದು ಗೌರವದಿಂದಲೇ ಕರೆಯುತ್ತಾರೆ. ಇನ್ನೊಬ್ಬ ತಾಯಿ ನಮ್ಮ ಯಾರದಾದರೂ ಬಾಗಿಲಿಗೆ ಬಂದು ದಾರಿ ಕೇಳಿದರೆ, ಸರಿಯಾದ ದಾರಿ ತೋರಿಸುವಷ್ಟು ತಿಳಿವಳಿಕೆ ನಮಗಿರಲಿ. ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ, ಬಿದ್ದವರಿಗೆ ಏಳುವ ಶಕ್ತಿಯನ್ನೂ ನಮಗೆ ಅವರ ಕೈ ಹಿಡಿಯುವ ಮನಸ್ಸನ್ನೂ ಕೊಡಲಿ.